ನಿಮ್ಮ ಕಂಪನಿಗೆ ಆಂಟಾಲಜಿ: ಬಳಕೆದಾರರ ಕೈಪಿಡಿ

ಆಂಟಾಲಜಿ ತರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಖರೀದಿ ವಿಭಾಗದವರು ಇದನ್ನು ಸಾಫ್ಟ್‌ವೇರ್ ಎಂದು ದಾಖಲಿಸಿಕೊಂಡಿರಬಹುದು. ತಿದ್ದಬೇಡಿ, ಬಿಲ್ ಪಾಸಾಗಲಿ. ಅಸಲಿಗೆ ಇದೊಂದು ಒಪ್ಪಂದ: ಕಂಪನಿಯಲ್ಲಿ ಏನೇನಿದೆ, ಯಾವುದಕ್ಕೆ ಯಾವುದರೊಂದಿಗೆ ಏನು ನಂಟು ಎಂಬುದನ್ನು ಯಂತ್ರಕ್ಕೂ ಅರ್ಥವಾಗುವಂತೆ ಬರೆದಿಟ್ಟದ್ದು.

ಬೇಕಾಗುವ ಸಾಮಗ್ರಿ

ಸ್ಟ್ಯಾನ್‌ಫರ್ಡ್‌ನ ಪ್ರೊಟೆಜೆ, ಆಂಟಾಲಜಿ ಬರೆಯುವ ಉಚಿತ ತಂತ್ರಾಂಶ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2004ರಲ್ಲಿ ಅಂಗೀಕರಿಸಿದ, ಆಂಟಾಲಜಿ ಬರೆಯುವ ಔಲ್ ಭಾಷೆ. ಮೂರು ವಿಭಾಗಗಳ ಮುಖ್ಯಸ್ಥರು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ.

ಹಂತ 1: ಗೋಡೆಯ ಮೇಲಿನ ನಕ್ಷೆ ಇಳಿಸಿ

ಮಾನದಂಡ ಸಂಸ್ಥೆ ಒಎಂಜಿ 2011ರಲ್ಲಿ ಹೊರತಂದ ಬಿಪಿಎಂಎನ್ 2.0 ಎಂಬ ಚಿತ್ರಸಂಕೇತಗಳ ಪ್ರಕಾರ ಬಿಡಿಸಿದ ಪ್ರಕ್ರಿಯಾ ನಕ್ಷೆ ನಿಮ್ಮಲ್ಲಿ ಇದ್ದೇ ಇರುತ್ತದೆ. ವೃತ್ತವೆಂದರೆ ಘಟನೆ, ದುಂಡು ಮೂಲೆಯ ಆಯತವೆಂದರೆ ಕೆಲಸ, ವಜ್ರಾಕೃತಿಯೆಂದರೆ ಕವಲು. ಆಕಾರಗಳಿಗೆ ನಿಯಮವುಂಟು, ಒಳಗಿನ ಬರಹಕ್ಕೆ ಯಾರ ಹಂಗೂ ಇಲ್ಲ. ಮಾರಾಟದವರು ‘ಆರ್ಡರ್ ಚೆಕ್’ ಎಂದದ್ದನ್ನೇ ಗೋದಾಮಿನವರು ‘ಬೇಡಿಕೆ ತಪಾಸಣೆ’ ಎಂದಿರುತ್ತಾರೆ. ಎರಡೂ ಒಂದೇ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಎರಡೂ ಆಯತಗಳನ್ನು ಆಂಟಾಲಜಿಯ ಒಂದೇ ಪರಿಕಲ್ಪನೆಗೆ ಕಟ್ಟಿ.

ಹಂತ 2: ಪ್ರಶ್ನೆಗಳನ್ನು ಬರೆಯಿರಿ

ಇದು 1990ರ ದಶಕದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಟೋವ್ ಯೋಜನೆಯಲ್ಲಿ ಗ್ರೂನಿಂಗರ್ ಮತ್ತು ಫಾಕ್ಸ್ ತೋರಿಸಿಕೊಟ್ಟ ಕ್ರಮ. ಆಂಟಾಲಜಿ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ಮೊದಲೇ ಪಟ್ಟಿ ಮಾಡಿ. ‘ಐದು ಲಕ್ಷ ಮೀರಿದ ಖರೀದಿಗೆ ಯಾರ ಒಪ್ಪಿಗೆ ಬೇಕು?’ ಎಂಬುದು ನಡೆಯುತ್ತದೆ. ‘ನಮ್ಮ ಕಂಪನಿ ಎಂದರೆ ಏನು?’ ಎಂಬುದನ್ನು ವಾರ್ಷಿಕೋತ್ಸವದ ಭಾಷಣಕ್ಕೆ ಬಿಡಿ.

ಹಂತ 3: ಜಗಳ ಹಚ್ಚಿ

‘ಗ್ರಾಹಕ ಯಾರು?’ ಎಂದು ಕೇಳಿ, ಬಾಗಿಲು ಹಾಕಿ. ಮಾರಾಟದವರಿಗೆ ಫೋನ್ ನಂಬರ್ ಕೊಟ್ಟವನೂ ಗ್ರಾಹಕನೇ. ಲೆಕ್ಕದವರಿಗೆ ಹಣ ಕೊಟ್ಟವನು ಮಾತ್ರ. ದೂರು ವಿಭಾಗಕ್ಕೆ ಬೈಯುವವರೆಲ್ಲ ಗ್ರಾಹಕರೇ. ಮೂರಕ್ಕೂ ಬೇರೆ ಬೇರೆ ವರ್ಗ ಮಾಡಿ, ಸಂಬಂಧ ಬರೆಯಿರಿ. ಈ ಹಂತವನ್ನು ಸಲಹಾಸಂಸ್ಥೆಗೆ ಗುತ್ತಿಗೆ ಕೊಡಬೇಡಿ. ಅವರು ಸೌಜನ್ಯದಿಂದ ಎಲ್ಲರಿಗೂ ಹೌದೆನ್ನುತ್ತಾರೆ, ಜಗಳವೇ ಆಗುವುದಿಲ್ಲ. ಜಗಳವಾಗದೆ ಬಂದ ಆಂಟಾಲಜಿಯಲ್ಲಿ ಯಾರೋ ಒಬ್ಬರ ಊಹೆ ಮಾತ್ರ ಇರುತ್ತದೆ.

ಹಂತ 4: ರೀಸನರ್ ಚಾಲೂ ಮಾಡಿ

ಬರೆದಿಟ್ಟದ್ದರಿಂದ ತೀರ್ಮಾನ ತೆಗೆಯುವ ತಂತ್ರಾಂಶವೇ ರೀಸನರ್. ಎಚ್ಚರಿಕೆ: ಇದು ಹೇಳಿದ್ದನ್ನೆಲ್ಲ ನಂಬುತ್ತದೆ. ‘ಪ್ರತಿ ಆರ್ಡರಿಗೆ ಒಬ್ಬರೇ ಅನುಮೋದಕರು’ ಎಂದು ಬರೆದು, ಒಂದೇ ಆರ್ಡರಿಗೆ ಮ್ಯಾನೇಜರ್ ಮತ್ತು ಲೆಕ್ಕಿಗ ಇಬ್ಬರನ್ನೂ ನಮೂದಿಸಿದರೆ, ಅದು ತಪ್ಪೆನ್ನುವುದಿಲ್ಲ. ಇಬ್ಬರೂ ಒಬ್ಬರೇ ಎಂದು ಶಾಂತವಾಗಿ ತೀರ್ಮಾನಿಸುತ್ತದೆ. ಔಲ್‌ನಲ್ಲಿ ಹೆಸರು ಎರಡಾದ ಮಾತ್ರಕ್ಕೆ ಆಸಾಮಿ ಇಬ್ಬರಾಗುವುದಿಲ್ಲ. ‘ಇವರಿಬ್ಬರು ಬೇರೆ’ ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಅದೇ ದಾಖಲೆಯಲ್ಲಿ ವಿರೋಧಾಭಾಸವಿದೆ ಎಂದು ಎಚ್ಚರಿಸುತ್ತದೆ.

ತೊಂದರೆ ನಿವಾರಣೆ

ಲಕ್ಷಣ: ಸಹಿಯಿಲ್ಲದ ಆರ್ಡರನ್ನು ರೀಸನರ್ ಹಿಡಿಯುತ್ತಿಲ್ಲ.
ಕಾರಣ: ಬರೆದಿಲ್ಲವೆಂದರೆ ಇಲ್ಲವೆಂದಲ್ಲ, ಸಹಿ ಬೇರೆಲ್ಲೋ ಇದ್ದೀತು ಎಂಬುದು ಔಲ್‌ನ ಉದಾರ ನಂಬಿಕೆ. ಆಡಿಟರುಗಳಿಗೆ ಈ ಔದಾರ್ಯ ಒಗ್ಗದು.
ಪರಿಹಾರ: ಇಂಥ ತಪಾಸಣೆಗೆಂದೇ ಡಬ್ಲ್ಯು3ಸಿ 2017ರಲ್ಲಿ ಕೊಟ್ಟ ಶಾಕಲ್ ಭಾಷೆ ಬಳಸಿ.

ಲಕ್ಷಣ: ಆಂಟಾಲಜಿ ಸಿದ್ಧವಾಗಿದೆ, ಯಾರೂ ತೆರೆಯುತ್ತಿಲ್ಲ.
ಪರಿಹಾರ: ಹಂತ 2ರ ಪಟ್ಟಿ ತೆಗೆಯಿರಿ. ಆ ಪ್ರಶ್ನೆಗಳನ್ನು ನಿಜಕ್ಕೂ ಯಾರಾದರೂ ಕೇಳಿದ್ದರೇ?

ವಾರಂಟಿ

ಹೊಸ ತೆರಿಗೆ, ಹೊಸ ಶಾಖೆ, ಹೊಸ ಎಂಡಿ, ಇವುಗಳಲ್ಲಿ ಯಾವುದು ಬಂದರೂ ಒಪ್ಪಂದ ಹಳತಾಗುತ್ತದೆ. ಮೂರೂ ವಿಭಾಗದವರನ್ನು ಮತ್ತೆ ಕರೆದು ಕೂರಿಸುವ ಅಧಿಕಾರವಿರುವ ಒಬ್ಬರ ಹೆಸರನ್ನು ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ. ‘ಐಟಿ ವಿಭಾಗ’ ಎಂದು ತುಂಬಿದ ಕೂಡಲೇ ವಾರಂಟಿ ರದ್ದಾಗುತ್ತದೆ.