ಅತ್ತಿಗೆಯ ಕುತ್ತಿಗೆ

ನಮ್ಮ ಅತ್ತಿಗೆಗೆ ವಯಸ್ಸು 52. ಮುಖ ನೋಡಿದವರು ನಲವತ್ತರ ಮೇಲೆ ಒಂದು ದಿನವೂ ಕೊಡುವುದಿಲ್ಲ. ಕುತ್ತಿಗೆಗೆ ಎಷ್ಟು ಕೊಡಬಹುದೆಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹೇಳುವ ಅಗತ್ಯವೂ ಇಲ್ಲ. ಬೆಳಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ಅವರೇ ಕನ್ನಡಿಯ ಮುಂದೆ ನಿಂತು, ಗದ್ದ ಎತ್ತಿ, ಎರಡು ಬೆರಳಲ್ಲಿ ಕತ್ತಿನ ಚರ್ಮ ಚಿವುಟಿ ಬಿಟ್ಟು, ಅದು ಮತ್ತೆ ಸ್ವಸ್ಥಾನಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತಾರೆ. ಹಾಲು ಉಕ್ಕುತ್ತದೆ.

ನಿಮ್ಮ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮದುವೆ ಛತ್ರದಲ್ಲಿ ಸುಲಭವಾಗಿ ಪತ್ತೆ ಹಚ್ಚಬಹುದು. ಮೇ ತಿಂಗಳ ಸೆಕೆಯಲ್ಲಿ ಎಲ್ಲರೂ ಫ್ಯಾನಿನ ಕೆಳಗಿನ ಕುರ್ಚಿಗೆ ಬಡಿದಾಡುತ್ತಿರುವಾಗ ಇವರು ಗಂಟಲವರೆಗೆ ಮುಚ್ಚುವ ಹೈನೆಕ್ ರವಿಕೆ ತೊಟ್ಟು, ಬೆವರುತ್ತಾ, ನಗುತ್ತಾ ನಿಂತಿರುತ್ತಾರೆ. ಗ್ರೂಪ್ ಫೋಟೊ ಎಂದರೆ ಕತ್ತಿನ ಎಡಮಗ್ಗುಲನ್ನು ಮಾತ್ರ ಕ್ಯಾಮೆರಾಕ್ಕೆ ಕೊಡುತ್ತಾರೆ. ಇದಕ್ಕೆ ಕಾರಣವಿದೆ. ಅತ್ತಿಗೆ ಬಸವನಗುಡಿಯಿಂದ ಬ್ಯಾಂಕಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಬರುವವರು. ಡ್ರೈವರ್ ಸೀಟಿನ ಬಲಗಿಟಕಿಯ ಗಾಜು ಬಿಸಿಲಿನ ಉರಿಯನ್ನು ತಡೆದರೂ, ಚರ್ಮ ಮುದಿಯಾಗಿಸುವ ಯುವಿಎ ಕಿರಣವನ್ನು ಸಾಕಷ್ಟು ಒಳಗೆ ಬಿಡುತ್ತದೆ. ಹಾಗಾಗಿ ಬಲಗತ್ತು ಎಡಗತ್ತಿಗಿಂತ ಐದಾರು ವರ್ಷ ಹಿರಿದು ಎಂಬುದು ಅತ್ತಿಗೆಯ ಲೆಕ್ಕ.

ಅಮ್ಮನಿಗೆ ಇದೊಂದೂ ಅರ್ಥವಾಗುವುದಿಲ್ಲ. "ನಮ್ಮ ಕಾಲದಲ್ಲಿ ಕುತ್ತಿಗೆ ಯಾರು ನೋಡ್ತಿದ್ರೇ? ಸರ ನೋಡ್ತಿದ್ರು" ಅನ್ನುತ್ತಾಳೆ. ಮಾತು ಸುಳ್ಳಲ್ಲ. ಅಡ್ಡಿಕೆ, ಅವಲಕ್ಕಿ ಸರ, ಗುಂಡಿನ ಸರ, ಕಾಸಿನ ಸರ, ಕರಿಮಣಿ, ಎಲ್ಲಕ್ಕೂ ಕೆಳಗೆ ಹವಳದ ಎಳೆ: ಇಷ್ಟರ ನಡುವೆ ಚರ್ಮ ಕಾಣಿಸುವುದಕ್ಕೆ ಜಾಗವಾದರೂ ಎಲ್ಲಿತ್ತು? ಗಂಡನ ಮನೆಯ ಅಂತಸ್ತು ಇದ್ದದ್ದೇ ಸೊಸೆಯ ಕೊರಳಲ್ಲಿ. ಈಗ ಚಿನ್ನದ ರೇಟು ನೋಡಿ ಅದೆಲ್ಲ ಲಾಕರ್ ಸೇರಿದೆ. ಕೂದಲೆಳೆಯಷ್ಟು ಸಣ್ಣದೊಂದು ಚೈನು ಮಾತ್ರ ಹೊರಗಿದೆ. ಗೆರೆಗಳು ಮೊದಲೂ ಇದ್ದವು. ಬಂಗಾರ ಒಳಗೆ ಹೋದ ಮೇಲೆ ಅವು ಹೊರಗೆ ಬಂದವು, ಅಷ್ಟೇ.

ಅತ್ತಿಗೆಯ ಚಿಕಿತ್ಸೆ ಅಡುಗೆಮನೆಯಿಂದ ಶುರುವಾಯಿತು. ಕಡಲೆಹಿಟ್ಟು, ಹಾಲಿನ ಕೆನೆ, ಲೋಳೆಸರ ಎಲ್ಲವೂ ಸರದಿಯಂತೆ ಕುತ್ತಿಗೆ ಏರಿದವು. ಮನೆಗೆ ಬಂದವರಿಗೆ ಕಾಫಿಗೆ ಹಾಲಿಲ್ಲದಿದ್ದರೂ ಕುತ್ತಿಗೆಗೆ ಕೆನೆ ಇರುತ್ತಿತ್ತು. ಇವುಗಳಿಂದ ಲಾಭವೇನೂ ಆಗದಿದ್ದರೂ ನಷ್ಟವಾಗಲಿಲ್ಲ. ನಷ್ಟ ಮಾಡಿದ್ದು ನಿಂಬೆಹಣ್ಣು. ಯಾರೋ ಹೇಳಿದರೆಂದು ಅರ್ಧ ಹೋಳನ್ನು ಕತ್ತಿಗೆ ಚೆನ್ನಾಗಿ ತಿಕ್ಕಿಕೊಂಡು, ಹಾಗೆಯೇ ಮಹಡಿಗೆ ಸಂಡಿಗೆ ಒಣಹಾಕಲು ಹೋದರು. ಸಂಡಿಗೆ ಒಣಗಿತು, ಕುತ್ತಿಗೆ ಕಪ್ಪಾಯಿತು. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟು ಕಪ್ಪಾಗುತ್ತದೆ, ಆ ಕಪ್ಪು ವಾರಗಟ್ಟಲೆ ಹೋಗುವುದಿಲ್ಲ ಎಂಬುದನ್ನು ಆಮೇಲೆ ಡಾಕ್ಟರು ಹೇಳಿದರು. ಆ ಸಲದ ಗೌರಿಹಬ್ಬಕ್ಕೆ ಅತ್ತಿಗೆ ಬಾಗಿನ ಕೊಡುವಾಗಲೂ ಸೆರಗನ್ನು ಕುತ್ತಿಗೆ ಸುತ್ತಿಕೊಂಡೇ ಇದ್ದರು. ಬಂದ ಮುತ್ತೈದೆಯರೆಲ್ಲ ಅದನ್ನು ಭಕ್ತಿ ಅಂದುಕೊಂಡರು.

ಆಮೇಲಿನದು ಮೊಬೈಲು. ತಲೆ ಬಗ್ಗಿಸಿ ಫೋನ್ ನೋಡಿದರೆ ಅಡ್ಡಗೆರೆ ಬೀಳುತ್ತದೆಂದು ಎಲ್ಲೋ ಓದಿದ್ದೇ ತಡ, ಅತ್ತಿಗೆ ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯತೊಡಗಿದರು. ಕಾರು ಗ್ಯಾರೇಜಿಗೆ ಹೋದ ದಿನಗಳಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಕೈ ಮೇಲೆತ್ತಿ ವಾಟ್ಸ್ಯಾಪ್ ಓದುತ್ತಾ ನಿಲ್ಲುತ್ತಾರೆ. ಹಿಂದೆ ನಿಂತವರೆಲ್ಲ ಜೊತೆಗೇ ಓದುತ್ತಾರೆ. ನಮ್ಮ ಸೋದರತ್ತೆ ಸೈಟು ಮಾರುವ ವಿಷಯ ಮನೆಯವರಿಗಿಂತ ಮೊದಲು ಗ್ರೀನ್ ಲೈನಿನ ಪ್ರಯಾಣಿಕರಿಗೆ ತಿಳಿದದ್ದು ಹೀಗೆ.

ಕುತ್ತಿಗೆಯ ವ್ಯಾಯಾಮದ ಪರ್ವ ಇನ್ನೂ ಗಂಭೀರ. ತಲೆ ಹಿಂದಕ್ಕೆ ಬಾಗಿಸಿ, ಚಾವಣಿ ನೋಡುತ್ತಾ, ತುಟಿ ಎಳೆದು "ಈ... ಊ..." ಅನ್ನಬೇಕು. ಮೊದಲ ದಿನ ಅಣ್ಣ ಓಡಿಬಂದು ತಾನೂ ಚಾವಣಿ ನೋಡಿ, "ಎಲ್ಲಿದೆಯೇ ಹಲ್ಲಿ?" ಎಂದು ಪೊರಕೆ ಹುಡುಕಿದ. ಕೆಲಸದವಳು ಮಾತ್ರ ಏನೂ ಕೇಳಲಿಲ್ಲ. ಮರುದಿನ ಒಂದು ತಾಯತ ತಂದುಕೊಟ್ಟಳು. ಅದನ್ನೂ ಕುತ್ತಿಗೆಗೇ ಕಟ್ಟಬೇಕಿತ್ತು.

ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದರು. ನಾನೂ ಜೊತೆಗಿದ್ದೆ. ಡಾಕ್ಟರೂ ಹೆಂಗಸು, ಸುಮಾರು ಅತ್ತಿಗೆಯ ವಯಸ್ಸಿನವರೇ. ಅತ್ತಿಗೆ ಮೊದಲು ನೋಡಿದ್ದು ಡಾಕ್ಟರ ಕುತ್ತಿಗೆ. ಡಾಕ್ಟರು ದುಪಟ್ಟಾ ಸರಿಮಾಡಿಕೊಂಡು ವಿವರಿಸಿದರು. ಕತ್ತಿನ ಚರ್ಮ ಮುಖದ್ದಕ್ಕಿಂತ ತೆಳುವು, ಎಣ್ಣೆ ಗ್ರಂಥಿಗಳೂ ಕಡಿಮೆ, ಬೇಗ ಒಣಗುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಚರ್ಮದ ಕೊಲಾಜನ್ ಹೆಚ್ಚುಕಡಿಮೆ ಶೇ. 30ರಷ್ಟು ಇಳಿದುಹೋಗುತ್ತದೆ. ಇನ್ನು ಗದ್ದದಿಂದ ಕೆಳಗೆ ಹುರಿಗಟ್ಟಿ ಕಾಣುವ ಉದ್ದದ ಪಟ್ಟಿಗಳು ಚರ್ಮದವೇ ಅಲ್ಲ, ಎದೆಯ ಮೇಲ್ಭಾಗದಿಂದ ದವಡೆಯವರೆಗೆ ಹಾಳೆಯಾಗಿ ಹರಡಿರುವ ಪ್ಲಾಟಿಸ್ಮಾ ಎಂಬ ಸ್ನಾಯುವಿನ ಅಂಚುಗಳು. "ಪಟ್ಟಿ ಎಳೆದು ಎಬ್ಬಿಸೋದೇ ಆ ಸ್ನಾಯು. ನೀವು ಅದಕ್ಕೇ ದಿನಾ ಕಸರತ್ತು ಮಾಡಿಸ್ತಿದ್ದೀರಲ್ಲ?" ಎಂದರು. ಅತ್ತಿಗೆಯ ಈ-ಊ ಅಲ್ಲಿಗೆ ನಿಂತಿತು.

ಅಣ್ಣನ ಮಗಳ ಮುಖದ ರೆಟಿನಾಲ್ ಸೀರಮ್ಮನ್ನು ಕುತ್ತಿಗೆಗೆ ಧಾರಾಳವಾಗಿ ಬಳಿದು ಕೆಂಪು ಮಾಡಿಕೊಂಡ ಪ್ರಕರಣಕ್ಕೂ ಬೈಗುಳ ಸಿಕ್ಕಿತು. ವಾರಕ್ಕೆ ಒಂದೆರಡು ರಾತ್ರಿ, ಕಡಲೆಕಾಳಿನಷ್ಟು, ಮೇಲೆ ಮಾಯಿಶ್ಚರೈಸರ್. ಅಷ್ಟರಿಂದ ಶುರು ಮಾಡಬೇಕಂತೆ. ಸೂಜಿಯ ವಿಚಾರವನ್ನು ಅತ್ತಿಗೆಯೇ ಎತ್ತಿದರು. ಮುಖದ ಸುಕ್ಕಿಗೆ ಕೊಡುವ ಬೊಟಾಕ್ಸನ್ನು ಕತ್ತಿನ ಪಟ್ಟಿಗಳಿಗೂ ಕೊಡಬಹುದೆಂದು ಅಮೆರಿಕದ ಎಫ್‌ಡಿಎ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಅತ್ತಿಗೆಗೆ ಡಾಕ್ಟರಷ್ಟೇ ಗೊತ್ತಿತ್ತು. ಮನೆಗೆ ಬಂದ ಮೇಲೆ ಅಣ್ಣನ ಪ್ರಶ್ನೆ ಒಂದೇ: "ಎಷ್ಟು ದಿನ ಇರತ್ತೆ?" ಮೂರ್ನಾಲ್ಕು ತಿಂಗಳು ಎಂದಾಗ, "ವಾಟರ್ ಫಿಲ್ಟರಿಗೆ ಕ್ಯಾಂಡಲ್ ಬದಲಾಯಿಸಿದ ಹಾಗಾಯ್ತು. ಬೇಡ ಬಿಡು" ಎಂದ. ಅತ್ತಿಗೆ ಬೇಡವೆಂದದ್ದು ಅವನ ಮಾತಿಗಲ್ಲ, ಸೂಜಿಯ ಹೆದರಿಕೆಗೆ.

ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ನನಗೇ ನಿರಾಸೆಯಾಯಿತು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನು, ಸಾದಾ ಮಾಯಿಶ್ಚರೈಸರು, ಬಿಸಿಲಿಗೆ ಕೊಡೆ. ಕುತ್ತಿಗೆಗೆಂದೇ ಪ್ರತ್ಯೇಕ ಡಬ್ಬಿಯಲ್ಲಿ, ಪ್ರತ್ಯೇಕ ಬೆಲೆಗೆ ಬರುವ ಕ್ರೀಮು ಬೇಡವೇ? ಬೇಡವಂತೆ. "ಮುಖ ಅನ್ನೋದು ಗದ್ದಕ್ಕೆ ಮುಗಿಯಲ್ಲ ಮೇಡಂ, ರವಿಕೆ ಶುರುವಾಗೋವರೆಗೂ ಮುಖವೇ. ಹಚ್ಚೋವಾಗ ಕೈ ಅಲ್ಲೀವರೆಗೂ ಇಳೀಲಿ." ಇಷ್ಟು ಬುದ್ಧಿವಾದ ಮೂವತ್ತನೇ ವಯಸ್ಸಿನಲ್ಲಿ ಸಿಕ್ಕಿದ್ದರೆ ಎಷ್ಟು ಹಾಲಿನ ಕೆನೆ ಉಳಿಯುತ್ತಿತ್ತು!

ಅತ್ತಿಗೆ ಈ ಚೀಟಿಗೆ ನಿಷ್ಠರಾದ ಮೇಲೆ ಒಮ್ಮೆ ಎಲ್ಲರೂ ಬೇಲೂರಿಗೆ ಹೋಗಿದ್ದೆವು. ಅಣ್ಣ ಸ್ವಲ್ಪ ಶಿಲ್ಪಶಾಸ್ತ್ರ ಓದಿದವನು. ಸಮಾಧಾನ ಮಾಡುವ ಹುಮ್ಮಸ್ಸಿನಲ್ಲಿ, "ಕುತ್ತಿಗೆಗೆ ಮೂರು ಗೆರೆ ಇರೋದು ಲಕ್ಷಣ ಕಣೇ. ಶಂಖದ ಹಾಗೆ. ಕಂಬುಕಂಠ ಅಂತಾರೆ" ಎಂದ. "ನನಗೆ ಐದಿದೆ. ಎಣಿಸಿ ನೋಡ್ರೀ" ಎಂದರು ಅತ್ತಿಗೆ. ಅವನು ಸೋಲೊಪ್ಪದೆ ದರ್ಪಣಸುಂದರಿಯ ಮುಂದೆ ನಿಲ್ಲಿಸಿದ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ, ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ, ಒಂದು ಕ್ರೀಮೂ ಹಚ್ಚಿಲ್ಲ ಎಂದೆಲ್ಲ ವರ್ಣಿಸಿದ. ಅತ್ತಿಗೆ ಸುಂದರಿಯ ಮುಖವನ್ನೂ ನೋಡಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ಅವಳ ತಲೆಯ ಮೇಲೆ ಚಾಚಿದ ಕಲ್ಲಿನ ಸೂರನ್ನು ನೋಡಿ, "ನೆರಳಲ್ಲಿ ನಿಲ್ಸಿದಾರಲ್ಲ" ಎಂದರು.

ಇಷ್ಟರಲ್ಲಿ ಒಂದು ಸಂಗತಿ ನಡೆಯಿತು. ಇನ್ನೊಬ್ಬರ ಕುತ್ತಿಗೆ ನೋಡುವ ಅತ್ತಿಗೆಯ ಚಟ ಎಷ್ಟು ಬೆಳೆದಿತ್ತೆಂದರೆ, ಒಂದು ಭಾನುವಾರ ಅಣ್ಣ ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದಾಗ ಅವನ ಕತ್ತಿನ ಹಿಂಭಾಗದ ಮೇಲೂ ಕಣ್ಣು ಬಿತ್ತು. ಅಣ್ಣನ ಗದ್ದದ ಕೆಳಗೆ ಜೋತಿರುವುದು ಅತ್ತಿಗೆಯದರ ಎರಡರಷ್ಟಿದೆ. ಆದರೆ ಗಂಡಸರ ಕುತ್ತಿಗೆಗೆ ಶರ್ಟಿನ ಕಾಲರಿದೆ, ಅಷ್ಟರಿಂದಲೇ ಅವರ ಜೀವನ ಸಾಗುತ್ತದೆ. ಅಂದು ಕಂಡದ್ದು ಬೇರೆ. ಮಡಿಕೆಯುದ್ದಕ್ಕೂ ಕಪ್ಪಗೆ, ದಪ್ಪಗೆ, ಮುಟ್ಟಿದರೆ ಮಖಮಲ್ಲು. ಅಮ್ಮ ಅದನ್ನು ಕೊಳೆ ಎಂದು ಬಗೆದು ತೆಂಗಿನ ನಾರು ಕೊಟ್ಟು ಉಜ್ಜಿಕೊಳ್ಳಲು ಹೇಳುತ್ತಲೇ ಬಂದಿದ್ದಳು. ಅತ್ತಿಗೆ ಡಾಕ್ಟರ ಕೋಣೆಯ ಗೋಡೆಯ ಮೇಲೆ ಇಂಥದೇ ಚಿತ್ರ ನೋಡಿದ್ದರು: ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಕತ್ತಿನ ಹಿಂದೆ ಹೀಗಾಗುವುದುಂಟು. "ಏಳ್ರೀ, ಶುಗರ್ ಟೆಸ್ಟ್ ಮಾಡಿಸ್ಕೊಂಡ್ ಬನ್ನಿ" ಎಂದರು. ಅಣ್ಣ ನಕ್ಕ. ನಾನೂ ನಕ್ಕೆ. ರಿಪೋರ್ಟು ಬಂದ ಮೇಲೆ ಇಬ್ಬರೂ ನಗಲಿಲ್ಲ. ಶುಗರ್ ಗಡಿ ದಾಟುವ ಹಂತದಲ್ಲಿತ್ತು. ಈಗ ಅಣ್ಣ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಬೆಳಗ್ಗೆ ಲಾಲ್‌ಬಾಗಿಗೆ ಹೋಗುತ್ತಾನೆ. ಹೊರಡುವ ಮುಂಚೆ ಅತ್ತಿಗೆ ಅವನ ಕತ್ತಿಗೂ ಸನ್‌ಸ್ಕ್ರೀನು ಮೆತ್ತುತ್ತಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮದುವೆ ಮನೆಯಲ್ಲೋ ಮೆಟ್ರೊದಲ್ಲೋ ಹೈನೆಕ್ ರವಿಕೆಯ ಹೆಂಗಸೊಬ್ಬರು ನಿಮ್ಮ ಮುಖ ಬಿಟ್ಟು ಕುತ್ತಿಗೆ ನೋಡಿಕೊಂಡೇ ಮಾತಾಡಿದರೆ ತಪ್ಪು ತಿಳಿಯಬೇಡಿ. ಅವರು ಹೇಳುವ ಕ್ರೀಮು ಕೊಳ್ಳಲೇಬೇಕೆಂದಿಲ್ಲ. ಶುಗರ್ ಟೆಸ್ಟ್ ಮಾಡಿಸಿ ಅಂದರೆ ಮಾತ್ರ ಮಾಡಿಸಿಬಿಡಿ.