ಸಾಮಾಜಿಕ ನ್ಯಾಯ: 2,000 ಪದ ಮೀರದಂತೆ

ಏಪ್ರಿಲ್ 14ಕ್ಕೆ ‘ಸಾಮಾಜಿಕ ನ್ಯಾಯ ವಿಶೇಷಾಂಕ’ ತರುವುದೆಂದು ನಮ್ಮ ಸಣ್ಣ ಮಾಸಿಕದ ಬಳಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ತೀರ್ಮಾನಿಸಿತು. ಎರಡನೇ ಇಡ್ಲಿ ಬರುವಷ್ಟರಲ್ಲಿ ಲೇಖಕರ ಪಟ್ಟಿ ಸಿದ್ಧವಾಯಿತು. ಮೂರನೆಯದು ಬರುವಷ್ಟರಲ್ಲಿ ಮುಖಪುಟಕ್ಕೆ ಅಂಬೇಡ್ಕರರ ಯಾವ ಫೋಟೊ ಎಂಬ ಜಗಳವೂ ಮುಗಿಯಿತು. ನ್ಯಾಯ ಯಾರಿಗೆ ಬಾಕಿಯಿದೆ ಅನ್ನುವ ವಿಷಯಕ್ಕೆ ಬರುವ ಹೊತ್ತಿಗೆ ಬಿಲ್ ಬಂತು.

ಸಂಪಾದಕ ನಾನೇ ಆದ್ದರಿಂದ ಫೋನ್ ಮಾಡುವ ಕೆಲಸವೂ ನನ್ನದೇ. ಮೊದಲು ತುಮಕೂರಿನ ಪ್ರೊಫೆಸರ್ ಒಬ್ಬರನ್ನು ಹಿಡಿದೆ.

“ಎಷ್ಟು ಪದ?”

“2,000 ಮೀರದ ಹಾಗೆ, ಸಾರ್.”

“ಐಎಸ್‌ಎಸ್‌ಎನ್ ನಂಬರ್ ಇದೆಯೇನ್ರಿ?”

“ಇಲ್ಲ ಸಾರ್.”

ಆ ಕಡೆ ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, “ಹಾಗಾದ್ರೆ ಹಳೇದೊಂದಿದೆ, ಕಳಿಸ್ತೀನಿ” ಅಂದರು.

ಬಂತು. ಸುಳ್ಳು ಹೇಳಬಾರದು, ಗಟ್ಟಿ ಲೇಖನ. ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ದೇಶದ ಸುದ್ದಿಮನೆಗಳ ತಲೆ ಎಣಿಸಿದ ವರದಿ ಅದರ ಬೆನ್ನೆಲುಬು: 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿ, ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. “ಸಾರ್, ನಮ್ಮ ಜಿಲ್ಲೆಯದೂ ಒಂದು ಪ್ಯಾರಾ ಸೇರಿಸಿದ್ರೆ?” ಎಂದೆ. “ಅಯ್ಯೋ, ಲೋಕಲ್ ಆಗ್ಬಿಡುತ್ತಲ್ರೀ” ಎಂದರು.

ಲೋಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ದಲಿತ ಮಹಿಳೆಯೊಬ್ಬರ ಕೊಲೆಯಾಯಿತು. ತುಮಕೂರಿನ ನ್ಯಾಯಾಲಯ 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ನವೆಂಬರಿನಲ್ಲಿ. ಆ ಹದಿನಾಲ್ಕು ವರ್ಷದಲ್ಲಿ ನಮ್ಮ ವಿದ್ವಾಂಸರಲ್ಲಿ ಎಷ್ಟು ಮಂದಿಗೆ ಪಿಎಚ್‌.ಡಿ. ಬಂತು, ಎಷ್ಟು ಮಂದಿಗೆ ಬಡ್ತಿ ಬಂತು ಅನ್ನುವುದನ್ನು ಬೆರಳು ಮಡಚಿ ಹೇಳಬಲ್ಲೆ. ಆ ಕೋರ್ಟಿನ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕೂತು ಬರೆದವರನ್ನು ಎಣಿಸಲು ಹೋದರೆ ಬೆರಳು ಮಡಚುವ ಶ್ರಮವೇ ಇಲ್ಲ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸಿದ್ದರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಅದರ ಬೆನ್ನಿಗೇ ಗುಬ್ಬಿ ತಾಲ್ಲೂಕಿನ ಇನ್ನೊಂದು ಹಟ್ಟಿಗೆ ನ್ಯಾಯಾಧೀಶೆಯೊಬ್ಬರು ತಾವೇ ಹೋಗಿ, ಹೊರಗಿದ್ದ ತಾಯಿ ಮಗುವನ್ನು ಮನೆಯೊಳಗೆ ಸೇರಿಸಿದರು. ಕರಿ ಕೋಟು ಹಾಕಿಕೊಂಡವರು ಹಟ್ಟಿ ತಲುಪಿದರು. ಜುಬ್ಬ ಹಾಕಿಕೊಂಡ ನಾವು ಇನ್ನೂ ‘ಹಟ್ಟಿ: ಒಂದು ಸಾಂಸ್ಕೃತಿಕ ಅನುಸಂಧಾನ’ ವಿಚಾರ ಸಂಕಿರಣದ ಟೀ ವಿರಾಮದಲ್ಲಿದ್ದೆವು.

ಗುಬ್ಬಿಯ ಸಂಶೋಧಕರು ಕಳಿಸಿದ್ದು ಇಪ್ಪತ್ತೆರಡು ಪುಟ. ಅದರಲ್ಲಿ ‘ಅಂಚಿನ ದನಿ’ ಹದಿನೇಳು ಸಲ ಬರುತ್ತದೆ, ದನಿ ಮಾತ್ರ ಒಮ್ಮೆಯೂ ಕೇಳಿಸುವುದಿಲ್ಲ. ಗುಬ್ಬಿ ಕಂಪನಿಯವರು 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ್ದರು. ಇವರಿಗೆ ಇಪ್ಪತ್ತೆರಡು ಪುಟಕ್ಕೆ ನಿಜವಾದ ಒಬ್ಬ ಮನುಷ್ಯನನ್ನು ಹತ್ತಿಸಲು ಆಗಲಿಲ್ಲ.

ಕುಣಿಗಲ್ಲಿನ ಕವಿಗಳದು ಬೇರೆ ಕಥೆ. ಕವಿತೆ ಹನ್ನೊಂದು ಸಾಲು, ಕವಿಪರಿಚಯ ನಲವತ್ತು. ಅವರ ಊರಿನ ಕುದುರೆ ಫಾರಂನಲ್ಲಿ ಮರಿಯ ಅಪ್ಪ ಯಾರು, ಅಜ್ಜ ಯಾರು ಎಂದು ತಲೆಮಾರುಗಟ್ಟಲೆ ಬರೆದಿಡುತ್ತಾರೆ. ಆ ಗಾಳಿ ಇವರಿಗೂ ಬೀಸಿರಬೇಕು. ಕಳಿಸಿದ ಮೇಲೆ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದರು: “ಸಂಚಿಕೇಲಿ ನಮ್ಮ ಪೈಕಿ ಇನ್ಯಾರು ಬರೀತಿದ್ದಾರೆ?” ಜಾತಿ ವಿನಾಶದ ಕವಿತೆಗೆ ಜೊತೆ ಬೇಕಾಗಿತ್ತು.

ಈ ನೆಲ ಹಿಂದಿನಿಂದಲೂ ಹೀಗಿತ್ತೆಂದು ತಿಳಿಯಬೇಡಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಎದ್ದ 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು; ಆ ಕಾವಿನಲ್ಲೇ ಮೈಸೂರಿನಿಂದ ‘ಪಂಚಮ’ ಪತ್ರಿಕೆ ಹೊರಟಿತು, ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಇಂಗ್ಲಿಷ್ ಮೇಷ್ಟ್ರು ಲಂಕೇಶ್ ನೌಕರಿ ಬಿಟ್ಟವರು, 1980ರಲ್ಲಿ ಜಾಹೀರಾತಿಲ್ಲದ ವಾರಪತ್ರಿಕೆ ಮಾಡಿದರು. ನಮ್ಮ ಜಿಲ್ಲೆಯ ನಟರಾಜ್ ಹುಳಿಯಾರ್ ಅದರಲ್ಲಿ ಬರೆದರು. ನಮ್ಮೂರಲ್ಲೇ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು, ‘ಬಕಾಲ’ದ ಕವಿ ಕೆ.ಬಿ. ಸಿದ್ದಯ್ಯ, ತರಗತಿ ಮುಗಿಸಿ ಸಂಘರ್ಷ ಸಮಿತಿಯ ಸಭೆಗಳಿಗೆ ಹೋಗುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡಾಗ ನುಡಿನಮನಕ್ಕೆ ಲೇಖಕರ ಕೊರತೆಯಾಗಲಿಲ್ಲ. ನಮನಕ್ಕೆ ನಮ್ಮಲ್ಲಿ ಯಾವತ್ತೂ ಕೊರತೆಯಾಗಿಲ್ಲ.

ಇನ್ನು ಜಾಹೀರಾತು. 1920ರ ಜನವರಿಯಲ್ಲಿ ಅಂಬೇಡ್ಕರ್ ‘ಮೂಕನಾಯಕ’ ಹೊರಡಿಸಿದಾಗ, ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಕಾಲ ಬದಲಾಗಿದೆ. ನಮ್ಮ ವಿಶೇಷಾಂಕಕ್ಕೆ ಶುಭಾಶಯ ಕೋರಲು ಕಲ್ಯಾಣ ಮಂಟಪದವರು, ಲೇಔಟಿನವರು, ಹಾಲಿ ಮತ್ತು ಮಾಜಿಗಳು ಸಾಲುಗಟ್ಟಿದರು. ಎಲ್ಲರೂ ಬಾಬಾಸಾಹೇಬರ ಪಕ್ಕ ತಮ್ಮ ಫೋಟೊ ಕೇಳಿದರು, ಒಂದು ಸುತ್ತು ದೊಡ್ಡದಾಗಿ.

ಆ ನಡುವೆ ನಮ್ಮ ಅರೆಕಾಲಿಕ ವರದಿಗಾರ ಹುಡುಗ, ನಾನು ಕೇಳದೇ ಇದ್ದರೂ, ಒಂದು ವರದಿ ಕಳಿಸಿದ. ಒಂದು ಹಳ್ಳಿಯ ಕಟಿಂಗ್ ಶಾಪಿಗೆ ಮೂರು ಭಾನುವಾರ ಹೋಗಿದ್ದಾನೆ. ಬೆಳಿಗ್ಗೆ 9.10, ಕಾಲೋನಿ ಹುಡುಗ ಬಂದ. ‘ಕತ್ತರಿ ಮೊಂಡಾಗಿದೆ’ ಎಂದರು. 9.25, ಊರಿನ ಹುಡುಗ ಬಂದ. ಅದೇ ಕತ್ತರಿ ಹರಿತವಾಯಿತು. ಎರಡನೇ ವಾರವೂ ಹೀಗೇ, ಮೂರನೇ ವಾರವೂ ಹೀಗೇ. ಅನುಸಂಧಾನವಿಲ್ಲ, ಆಕರ ಸೂಚಿಯಿಲ್ಲ. ಗಂಟೆ, ಕತ್ತರಿ, ಊರಿನ ಹೆಸರು. ಅಷ್ಟೇ.

ಒಂದು ಪೂರ್ತಿ ಪುಟ ಎತ್ತಿಟ್ಟಿದ್ದೆ. ಸಂಜೆಗೆ ಅದೇ ಊರಿನ ಮುಖಂಡರಿಂದ ಅಂಬೇಡ್ಕರ್ ಜಯಂತಿಯ ಶುಭಾಶಯ ಬಂತು, ನಾಲ್ಕು ಬಣ್ಣದ್ದು, ಪೂರ್ತಿ ಪುಟದ್ದು. ಪುಟಗಳು ಸೀಮಿತ. ಪ್ರೊಫೆಸರರ ಲೇಖನ ಮುಟ್ಟುವಂತಿಲ್ಲ, ಹಿರಿಯರು. ಸಂಶೋಧಕರದ್ದು ಮುಟ್ಟುವಂತಿಲ್ಲ, ಮುನಿಸು. ಕವಿಯ ಪರಿಚಯ ಮುಟ್ಟುವಂತಿಲ್ಲ, ಪೈಕಿ. ಹುಡುಗನ ವರದಿ ಮೂರು ಸಾಲಿಗೆ ಇಳಿದು, ಗುಬ್ಬಿಯವರ ಲೇಖನದ ಕೊನೆಯಲ್ಲಿ ಉಳಿದ ಜಾಗಕ್ಕೆ ಸರಿಯಾಗಿ ಕೂತಿತು. ಊರಿನ ಹೆಸರು ‘ಜಿಲ್ಲೆಯ ಒಂದು ಗ್ರಾಮ’ ಎಂದಾಯಿತು. ಈ ಅಂಕಣದಲ್ಲೂ ನಾನದನ್ನು ಬರೆದಿಲ್ಲ, ಗಮನಿಸಿದಿರೋ ಇಲ್ಲವೋ.

ಬಿಡುಗಡೆ ಸಮಾರಂಭ ಚೆನ್ನಾಗಿಯೇ ಆಯಿತು. ಶಾಲು, ಏಲಕ್ಕಿ ಹಾರ, ಪೇಟ. ಪತ್ರಿಕಾ ವೃತ್ತಿಯ ಸಾಮಾಜಿಕ ಬದ್ಧತೆ ಕುರಿತು ಪ್ರೊಫೆಸರರು ಐವತ್ತು ನಿಮಿಷ ಮಾತಾಡಿದರು. ಹುಡುಗ ಕೊನೇ ಸಾಲಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಬರೆದುಕೊಳ್ಳುತ್ತಿದ್ದ. ರಾತ್ರಿ ವಾಟ್ಸಾಪಿನಲ್ಲಿ ಅವನ ವರದಿ ಬಂತು:

‘ವೇದಿಕೆಯಲ್ಲಿ 14 ಮಂದಿ ಇದ್ದರು. ಸಭಿಕರು 31, ಊಟದ ಹೊತ್ತಿಗೆ 90. ಬೆಳಿಗ್ಗೆ ಸಭಾಂಗಣದ ಶೌಚಾಲಯ ತೊಳೆದ ಇಬ್ಬರಿಗೆ ಊಟದ ಕೂಪನ್ ಸಿಗಲಿಲ್ಲ.’

ಮುಂದಿನ ಸಂಚಿಕೆಯಲ್ಲಿ ಜಾಗವಿದೆಯೇ ನೋಡಬೇಕು.