ಅಪೀಲ್ ಕಾಕಾ

ಜವಾಬು ಬಂತೆಂದು ಖುಷಿಯಿಂದ ಓಡಿ ಬಂದವನನ್ನು ಕಂಡು ಮುಖ ಸಪ್ಪಗೆ ಮಾಡಿಕೊಳ್ಳುವ ಮನುಷ್ಯರನ್ನು ನೋಡಬೇಕಿದ್ದರೆ ನಮ್ಮ ಕಡೆ ಬನ್ನಿ. ರಾಯಚೂರಿಗೊಬ್ಬರು, ದೇವದುರ್ಗಕ್ಕೊಬ್ಬರು, ಮಾನ್ವಿಗೊಬ್ಬರು ಇದ್ದೇ ಇದ್ದಾರೆ. ತಹಸೀಲ ಕಚೇರಿಯ ಎದುರಿನ ಚಹಾದಂಗಡಿ, ಅದರ ಪಕ್ಕದ ಝೆರಾಕ್ಸ್ ಅಂಗಡಿ, ಎರಡಕ್ಕೂ ನೆರಳು ಕೊಡುವ ಬೇವಿನ ಮರ, ಇಷ್ಟರೊಳಗೆ ಎಲ್ಲೋ ಕೂತಿರುತ್ತಾರೆ. ಊರು ಬೇರೆ, ಚೀಲ ಒಂದೇ. ಅದರಲ್ಲಿ ಗೋಂದಿನ ಡಬ್ಬಿ, ಸ್ಟಾಂಪ್ ಪ್ಯಾಡು, ಹತ್ತು ರೂಪಾಯಿಯ ನಾಲ್ಕಾರು ಪೋಸ್ಟಲ್ ಆರ್ಡರು, ಮತ್ತೆ ತಿರುವಿ ತಿರುವಿ ಮೂಲೆಗಳೆಲ್ಲ ದುಂಡಗಾದ 2005ರ ಮಾಹಿತಿ ಹಕ್ಕು ಕಾಯ್ದೆ. ಜನ ಕರೆಯುವುದು ಅಪೀಲ್ ಕಾಕಾ ಎಂದೇ.

ಮಾಹಿತಿ ಕೇಳಿ ಅರ್ಜಿ ಹಾಕುವವರು ಊರ ತುಂಬ ಇದ್ದಾರೆ. ಅದರಲ್ಲಿ ಕೆಲವರು ಅರ್ಜಿ ಹಾಕಿ, ಆಮೇಲೆ ಅದನ್ನು ವಾಪಸ್ ತಗೊಳ್ಳುವುದಕ್ಕೆ ದರ ಹೇಳುವವರು. ಕಾಕಾ ಅಂಥವರ ಚಹಾ ಸಹ ಕುಡಿಯುವುದಿಲ್ಲ. ಹಾಗಂತ ಹೊಸ ಅರ್ಜಿಯೂ ಅವರಿಗೆ ರುಚಿಸದು. ಅರ್ಜಿ ಒಮ್ಮೆ ಕಚೇರಿಗೆ ಹೋಗಿ ಏಟು ತಿಂದು ಬರಬೇಕು. "ತಮ್ಮ ಕೋರಿಕೆಯನ್ನು ತಿರಸ್ಕರಿಸಲಾಗಿದೆ" ಎಂಬ ಸಾಲು ಕಂಡಿತೋ, ಕನ್ನಡಕ ಹಣೆಯಿಂದ ಮೂಗಿಗೆ ಇಳಿಯುತ್ತದೆ.

"ಇದು ಕೈಗೆ ಬಂದು ಎಷ್ಟ್ ದಿನಾತು?"

"ಹದಿನೆಂಟು ದಿನಾತ್ರಿ ಕಾಕಾ."

"ಹಂಗಾರ ಇನ್ನೂ ಹನ್ನೆರಡು ದಿನ ಅದ. ನೈಂಟೀನ್ ಒನ್ ಹಾಕೂಣು."

ನೈಂಟೀನ್ ಒನ್ ಅಂದರೆ ಕಾಯ್ದೆಯ 19(1)ನೇ ಕಲಂ: ತಿರಸ್ಕಾರದ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅವರೂ ಕೈಯೆತ್ತಿದರೆ ನೈಂಟೀನ್ ತ್ರೀ, 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಕಡೆಯವರಿಗೆ ಆಯೋಗದ ಕಲಬುರಗಿ ಪೀಠ. ವಾಡಿ ದಾಟಿ ಕಲಬುರಗಿ ಸ್ಟೇಷನ್ನಿನಲ್ಲಿ ಇಳಿಯುವಾಗ ಕಾಕಾ ಪಂಢರಪುರದಲ್ಲಿ ಇಳಿದವರಂತೆ ಕಾಣುತ್ತಾರೆ ಎಂದು ಜೊತೆಗೆ ಹೋದವರು ಹೇಳುತ್ತಾರೆ. ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಇರುವುದು ಆಯೋಗಕ್ಕೆ ಮಾತ್ರ. ಅದನ್ನು ಕಣ್ಣಾರೆ ನೋಡುವುದು ಕಾಕಾನ ಜೀವಮಾನದ ಆಸೆ.

ನನ್ನದೂ ಒಂದು ಅರ್ಜಿ ಏಟು ತಿಂದಿತ್ತು. ನಮ್ಮ ಓಣಿಯ ರಸ್ತೆಯ ಬಗ್ಗೆ ಕೇಳಿದ್ದೆ. ಬರೆಯುವವನು ನೋಡಿ, ರಾಯಚೂರು ಕೋಟೆಯಿಂದ ಶುರು ಮಾಡಿ ಎರಡು ಪುಟ ಪೀಠಿಕೆ ಹಾಕಿ, ಕೊನೆಗೆ ಚರಂಡಿ, ಬೀದಿದೀಪ, ನಲ್ಲಿ ಮೂರನ್ನೂ ಸೇರಿಸಿದ್ದೆ. ಕಾಕಾ ನನ್ನ ಪರ ಸಿಟ್ಟಾಗುತ್ತಾರೆ ಅಂದುಕೊಂಡು ಹೋದೆ. ಅವರು ಪೆನ್ನಿನ ತುದಿಯಲ್ಲಿ ಒಂದೊಂದೇ ಶಬ್ದ ಎಣಿಸತೊಡಗಿದರು. ನಾನೂರು ದಾಟಿದ ಮೇಲೆ ಕಾಗದ ಮಡಚಿ ನನ್ನ ಕಡೆಗೇ ದೂಡಿದರು.

"ನೂರಾ ಐವತ್ತು ಶಬ್ದ. ಒಂದೇ ವಿಷಯ. ಎರಡು ಸಾವಿರದ ಎಂಟರಾಗ ನಿಯಮ ಆಗ್ಯದ. ನಾ ಆ ಕುರ್ಚಿಯಾಗಿದ್ರ ನಾನೂ ತಿರಸ್ಕಾರ ಮಾಡ್ತಿದ್ದೆ."

ಕೋಟೆಯ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಒಂದೇ ಬಂಡೆಯ ಮೇಲೆ 1294ರ ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯಲ್ಲಿ ಎಳೆತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಆ ಊರಿನವನಿಗೆ ನೂರೈವತ್ತು ಶಬ್ದದ ಹದ್ದು ಹಾಕಿದರೆ ಹೇಗೆ ಎಂದು ವಾದಿಸಿದೆ. "ಕಲ್ಲು ಕಳಿಸ್ರಿ ಹಂಗಾರ, ಸ್ಪೀಡ್ ಪೋಸ್ಟಿಗೆ ತೂಕದ ಮ್ಯಾಲೆ ರೊಕ್ಕ," ಎಂದರು.

ಕಚೇರಿಯವರು ಒಮ್ಮೆ ತಿರಸ್ಕರಿಸಿದ್ದನ್ನು ಕಾಕಾ ಮೂರು ಸಲ ತಿರಸ್ಕರಿಸುತ್ತಾರೆ. ಅವರ ಹತ್ತಿರ ದಾಟಲಾರದ ಇನ್ನೊಂದು ಗೇಟು 'ಯಾಕ' ಎಂಬ ಶಬ್ದ. ಕಾಯ್ದೆ ಪ್ರಕಾರ ಕಾಗದದಲ್ಲಿ ಇರುವುದನ್ನು ಕೇಳಬಹುದು, ಸಾಹೇಬರ ಮನಸ್ಸಿನಲ್ಲಿ ಇರುವುದನ್ನು ಕೇಳುವಂತಿಲ್ಲ. ಇದು ನಮ್ಮ ರೈತರ ತಲೆಗೆ ಇಳಿಯುವುದು ಕಷ್ಟ, ಯಾಕೆಂದರೆ ಅವರಿಗೆ ಇರುವುದೇ 'ಯಾಕ' ಒಂದು. ಮಾನ್ವಿ ತಾಲ್ಲೂಕು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಮೇಲಿನವರು ಕುಡಿದು ಕೈತೊಳೆದು ಉಳಿದದ್ದು ಇಲ್ಲಿಗೆ. ಅಲ್ಲಿಯ ಒಬ್ಬ ರೈತ ವಾಪಸ್ ಬಂದ ಅರ್ಜಿ ಹಿಡಿದು ಕೂತಿದ್ದ. ಅದರಲ್ಲಿ ಇದ್ದದ್ದು ಒಂದೇ ಸಾಲು: ನಮ್ಮ ಹೊಲಕ್ಕೆ ನೀರು ಯಾಕೆ ಬರಲಿಲ್ಲ?

"ಯಾಕ ಅಂತ ಕೇಳಬ್ಯಾಡ."

"ಮತ್ತ ಏನಂತ ಕೇಳ್ಲಿ ಕಾಕಾ? ಭತ್ತ ಒಣಗ್ಯದ."

"ಒಣಗಿದ್ದು ಮಾಹಿತಿ ಅಲ್ಲ, ಅದು ಸಂಕಟ. ಬರಿ: ಮೈಲ್ 104ರ ಗೇಜ್ ವಹಿ, ಇಂಥಾ ತಾರೀಖಿನಿಂದ ಇಂಥಾ ತಾರೀಖಿನ ತನಕ, ದೃಢೀಕೃತ ನಕಲು."

ರೈತ ಬರೆದ. ಓದಿ ನೋಡಿದ. ತನ್ನ ಹೊಲ ಎಲ್ಲಿ ಹೋಯಿತು ಎಂಬಂತೆ ಕಾಗದ ತಿರುವಿ ಹಿಂದೆಯೂ ನೋಡಿದ. ಆದರೆ ಆ ಕಾಗದಕ್ಕೆ ಇಲ್ಲ ಅನ್ನುವುದು ಯಾವ ಸಾಹೇಬರಿಗೂ ಸುಲಭವಲ್ಲ. ನೀರು ಎಷ್ಟು ಅಡಿ ಹರಿಯಿತು ಎಂಬುದು ಸಿಕ್ಕರೆ ಯಾಕೆ ಬರಲಿಲ್ಲ ಎಂಬುದನ್ನು ರೈತ ತಾನೇ ಓದಿಕೊಳ್ಳುತ್ತಾನೆ. ಕಾಕಾನ ವಿದ್ಯೆ ಇರುವುದು ಇಷ್ಟರಲ್ಲೇ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಇಂಥ ಮನುಷ್ಯ ಮನೆಯಲ್ಲಿ ಹೇಗಿರುತ್ತಾರೆ? ಕಾಕಾಗೆ ವಾರ, ಅಮಾವಾಸ್ಯೆ ಇಲ್ಲ. 30, 90, ಇವೇ ಅವರ ಪಂಚಾಂಗ. ಮಗನಿಗೆ ಹೆಣ್ಣು ನೋಡಿ ಬಂದರು. ಹೆಣ್ಣಿನ ಕಡೆಯವರು ಹೇಳಿ ಕಳಿಸುತ್ತೇವೆ ಎಂದು ಸುಮ್ಮನಾದರು. ಕಾಕಿ ದೇವರಿಗೆ ಕಾಯಿ ಕಟ್ಟಿ ಕಾದಳು. ಕಾಕಾ ಕ್ಯಾಲೆಂಡರಿಗೆ ಪೆನ್ಸಿಲಿನಿಂದ ಗೀಟು ಹಾಕುತ್ತಾ ಬಂದರು. ಮೂವತ್ತೊಂದನೇ ದಿನ ಬೆಳಿಗ್ಗೆ ಮಂಡಾಳ ಒಗ್ಗರಣಿ ತಿನ್ನುತ್ತಾ ಘೋಷಿಸಿದರು: "ಸೆವೆನ್ ಟೂ. ಮೂವತ್ತು ದಿನದಾಗ ಜವಾಬು ಇಲ್ಲಂದ್ರ ತಿರಸ್ಕಾರ ಅಂತನ ಅರ್ಥ."

"ಇನ್ನೂ ವಿಚಾರ ಮಾಡ್ಲಿಕ್ಕತ್ತಿರಬೇಕ್ರಿ," ಎಂದಳು ಕಾಕಿ.

"ವಿಚಾರ ಮಾಡ್ಲಿ. ನಾವು ಮ್ಯಾಲಿನವರ ಹತ್ರ ಹೋಗೂಣು."

ಮೇಲಿನವರು ಅಂದರೆ ಹೆಣ್ಣಿನ ಅಜ್ಜ. ಕಾಕಾ ಶರ್ಟು ಇಸ್ತ್ರಿ ಮಾಡಿಸಿಕೊಂಡು, ಮೊದಲು ನೋಡಲು ಹೋದ ದಿನದ ತಾರೀಖು, ಬಡಿಸಿದ ಉಪ್ಪಿಟ್ಟು, ಯಾರು ಯಾರು ಹಾಜರಿದ್ದರು ಎಲ್ಲವನ್ನೂ ಕ್ರಮವಾಗಿ ಆ ಅಜ್ಜನ ಮುಂದೆ ಒಪ್ಪಿಸಿದರು. ಅಜ್ಜನಿಗೆ ಕಿವಿ ಮಂದ. ಎಲ್ಲ ಕೇಳಿಸಿಕೊಂಡವರಂತೆ ತಲೆಯಾಡಿಸಿ, "ಒಳ್ಳೇದು, ಮಾಡಿ ಬಿಡೂಣು," ಎಂದುಬಿಟ್ಟರು. ಮದುವೆ ಆಯಿತು. ಎರಡನೇ ಮೇಲ್ಮನವಿಗೆ ಅಜ್ಜಿಯನ್ನು ಹಿಡಿಯಬೇಕೆಂದು ಮಾಡಿಕೊಂಡಿದ್ದ ಟಿಪ್ಪಣಿ ಇವತ್ತಿಗೂ ಚೀಲದಲ್ಲಿದೆ.

2025ರಲ್ಲಿ ಅಂಚೆ ಇಲಾಖೆ, ಕಾಕಾ ಮೇಲ್ಮನವಿ ಕಳಿಸುತ್ತಿದ್ದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದಾಗ ಕಾಕಾ ಎರಡು ದಿನ ಮರದ ಕೆಳಗೆ ಬರಲಿಲ್ಲ. ಮನೆಯಲ್ಲಿ ಕೂತು ಹಳೆಯ ಸ್ವೀಕೃತಿ ಕಾರ್ಡುಗಳನ್ನು ಇಸವಿಪ್ರಕಾರ ಜೋಡಿಸುತ್ತಿದ್ದರಂತೆ.

ಮೊನ್ನೆ ದೇವದುರ್ಗದ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಮನೆ ಕಟ್ಟಿಸಿಕೊಡುವ ಪಟ್ಟಿಯಲ್ಲಿ ಅವಳ ಹೆಸರು ಮೊದಲು ಇತ್ತು, ಆಮೇಲೆ ಇರಲಿಲ್ಲ. ಗ್ರಾಮಸಭೆಯ ನಡಾವಳಿ ಕೇಳಿದರೆ, ಅದು ಬೇರೆಯವರ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸಿದ್ದರು. ಊರ ಮುಂದೆ ಕೂತು ಓದಿದ ನಡಾವಳಿ ಯಾರ ವೈಯಕ್ತಿಕ ಎಂದು ಕಾಕಾ ಮೇಲ್ಮನವಿಯಲ್ಲಿ ಚೆನ್ನಾಗಿ ಬಾರಿಸಿದ್ದರು. ವಾದಕ್ಕೆ ನಾಲ್ಕು ಪುಟ ಟಿಪ್ಪಣಿಯೂ ಸಿದ್ಧವಿತ್ತು. ಅಷ್ಟರಲ್ಲಿ ಇವಳು ಸೆರಗಿನಲ್ಲಿ ಸುತ್ತಿದ್ದ ಲಕೋಟೆ ತೆಗೆದಳು.

"ಕಾಕಾ, ಕೊಟ್ರ್ರಿ! ರೊಕ್ಕಾನೂ ಕೇಳ್ಲಿಲ್ಲ."

"ಕೇಳಾಂಗಿಲ್ಲ. ಮೂವತ್ತು ದಿನ ದಾಟಿದ ಮ್ಯಾಲೆ ಕೊಟ್ರ ಪುಕ್ಕಟನ ಕೊಡಬೇಕು," ಎಂದರು ಕಾಕಾ, ಯಾರೋ ತೀರಿಕೊಂಡ ಮನೆಯವರ ದನಿಯಲ್ಲಿ.

ಅವಳು ತನ್ನ ಹೆಸರು ಇದ್ದ ಪುಟ ಹುಡುಕಿಕೊಡಿ ಎಂದಳು. ಕಾಕಾ ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಪುಟ ತಿರುವಿದರು. ಪ್ರತಿ ಪುಟಕ್ಕೂ ಮೊಹರು, ಸಹಿ. ಆರು. ಏಳು. ಎಂಟು. ಹತ್ತು.

ಬೆರಳು ನಿಂತಿತು. ಹಿಂದಕ್ಕೆ ತಿರುವಿದರು. ಎಂಟು, ಹತ್ತು.

"ತಂಗಿ," ಎಂದರು ಕಾಕಾ, ಕನ್ನಡಕ ಮೂಗಿಗೆ ಇಳಿಸಿ, ಚೀಲಕ್ಕೆ ಕೈ ಹಾಕುತ್ತಾ, "ಎರಡು ಚಾ ಹೇಳು."